ಶೇಂಗಾ ಸಿಪ್ಪೆಯಿಂದ ಡ್ರಿಲ್ಲಿಂಗ್ ಮಡ್‌ಗೆ ಪುಡಿ: ಮಾಡುವುದು ಹೇಗೆ, ಪರೀಕ್ಷಿಸುವುದು ಹೇಗೆ

ಒಂದು ಕ್ವಿಂಟಾಲ್ ಶೇಂಗಾ ಕಾಯಿ ಸುಲಿದರೆ ಸುಮಾರು 30 ಕೆ.ಜಿ. ಸಿಪ್ಪೆ ಉಳಿಯುತ್ತದೆ. ಚಳ್ಳಕೆರೆ, ಪಾವಗಡ, ಬಳ್ಳಾರಿ ಕಡೆ ಕಾಯಿ ಸುಲಿಯುವ ಮಿಲ್ ಇದ್ದಲ್ಲೆಲ್ಲ ಈ ಸಿಪ್ಪೆ ಇದ್ದೇ ಇರುತ್ತದೆ. ಬಾಯ್ಲರ್‌ಗೋ ಇಟ್ಟಿಗೆ ಗೂಡಿಗೋ ಹೋಗಿ ಉರಿಯುವುದೇ ಜಾಸ್ತಿ. ಅದನ್ನೇ ತೊಳೆದು, ಒಣಗಿಸಿ, ಪುಡಿ ಮಾಡಿ, ಸರಿಯಾಗಿ ಜರಡಿ ಹಿಡಿದರೆ ಡ್ರಿಲ್ಲಿಂಗ್ ಮಡ್‌ಗೆ, ಅಂದರೆ ನೆಲ ಕೊರೆಯುವಾಗ ತೂತಿಗೆ ಹರಿಸುವ ಕೆಸರಿಗೆ, ಬೆರೆಸುವ ಒಳ್ಳೆಯ ಸಾಮಾನಾಗುತ್ತದೆ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ರೈತ ಉತ್ಪಾದಕ ಕಂಪನಿ ನಡೆಸುವವರು, ಡ್ರಿಲ್ಲಿಂಗ್ ಸೈಟಿನಲ್ಲಿರುವ ಎಂಜಿನಿಯರ್‌ಗಳು, ಈ ಮೂವರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ‘ಯಾವ ಬೆಳೆಯ ಕಸ ಒಳ್ಳೆಯದು?’ ಎಂದು ಎಲ್ಲರೂ ಕೇಳುತ್ತಾರೆ. ‘ಪುಡಿಯ ಗಾತ್ರ ಎಷ್ಟಿರಬೇಕು?’ ಎಂದು ಕೇಳುವವರು ಕಡಿಮೆ. ಕೆಲಸ ಕೆಡುವುದು ಸಾಮಾನ್ಯವಾಗಿ ಅಲ್ಲೇ. ಆದ್ದರಿಂದ ಈ ಲೇಖನದಲ್ಲಿ ಜರಡಿಯ ಮಾತು ಮತ್ತೆ ಮತ್ತೆ ಬರುತ್ತದೆ.

ಮಡ್‌ಗೆ ಇದು ಯಾಕೆ ಬೇಕು

ನೀರಿಗೆ ಬೆಂಟೋನೈಟ್ ಜೇಡಿಯನ್ನು ಕಲಸಿದರೆ ಮಡ್. ಅದನ್ನು ರಾಡ್ ಒಳಗಿಂದ ಕೆಳಗೆ ಪಂಪ್ ಮಾಡುತ್ತಾರೆ. ಕೊರೆಯುವ ತುದಿ, ಅಂದರೆ ಬಿಟ್, ತಂಪಾಗುತ್ತದೆ, ಕೊರೆದ ಕಲ್ಲಿನ ಪುಡಿ ಮೇಲೆ ಬರುತ್ತದೆ, ತೂತಿನ ಗೋಡೆ ಕುಸಿಯದೆ ನಿಲ್ಲುತ್ತದೆ.

ಇದರಲ್ಲಿ ಎರಡು ತೊಂದರೆಗಳಿವೆ. ಮೊದಲನೆಯದು, ಮಡ್‌ನಲ್ಲಿರುವ ನೀರು ಗೋಡೆಯ ಸಣ್ಣ ರಂಧ್ರಗಳಿಗೆ ನಿಧಾನವಾಗಿ ಬಸಿದುಹೋಗುವುದು. ಗೋಡೆಯ ಮೇಲೆ ಜೇಡಿಯ ದಪ್ಪ ಪದರ, ಅಂದರೆ ಕೇಕ್, ಕೂತು ರಾಡ್ ಹಿಡಿದುಕೊಳ್ಳುತ್ತದೆ. ಎರಡನೆಯದು, ಬಿರುಕು ಸಿಕ್ಕಿದ ಕೂಡಲೇ ಮಡ್‌ ಪೂರ್ತಿ ಅದರೊಳಗೆ ಇಳಿದುಹೋಗುವುದು. ಮೇಲಕ್ಕೆ ವಾಪಸ್ ಬರುವ ಮಡ್, ಅಂದರೆ ರಿಟರ್ನ್, ನಿಂತುಬಿಡುತ್ತದೆ. ಸೈಟಿನಲ್ಲಿ ‘ಲಾಸ್ ಆಯ್ತು’ ಎನ್ನುವುದು ಇದಕ್ಕೇ. ಇದನ್ನು ತಡೆಯಲು ಹಾಕುವ ಸಾಮಾನಿಗೆ ಎಲ್‌ಸಿಎಂ (ಲಾಸ್ಟ್ ಸರ್ಕ್ಯುಲೇಶನ್ ಮೆಟೀರಿಯಲ್) ಎಂದು ಹೆಸರು.

ಗಿಡಮರಗಳ ಸಾಮಾನು ಈ ಉದ್ಯಮಕ್ಕೆ ಹೊಸದಲ್ಲ. ಮಡ್ ತೆಳುವಾಗಿಸಲು ಕ್ವಿಬ್ರಾಚೊ ಎಂಬ ಮರದ ಟ್ಯಾನಿನ್, ನೀರು ಬಸಿಯುವುದನ್ನು ತಡೆಯಲು ಪಿಷ್ಟ, ಬಿರುಕು ಮುಚ್ಚಲು ಆಕ್ರೋಟಿನ ಚಿಪ್ಪು ಮತ್ತು ಹತ್ತಿಬೀಜದ ಸಿಪ್ಪೆ, ಎಲ್ಲವೂ ದಶಕಗಳಿಂದ ಬಳಕೆಯಲ್ಲಿವೆ. ಕಾಗದದ ಕಾರ್ಖಾನೆಯ ಕಸದಿಂದ ಬಂದ ಲಿಗ್ನೋಸಲ್ಫೋನೇಟ್ ಕೂಡ ಇದೇ ಸಾಲಿನದು. 1992ರಲ್ಲಿ ಅಮೆರಿಕದ ಬಾಯ್ಸ್ ಬರ್ಟ್ಸ್ ಅವರು ಭತ್ತದ ಹೊಟ್ಟಿನಂಥ ಭಾಗಗಳ ಜೊತೆಗೆ ಶೇಂಗಾ ಸಿಪ್ಪೆ, ಮೆಕ್ಕೆಜೋಳದ ದಿಂಡು ಮೊದಲಾದವನ್ನು ಬೆರೆಸುವ ಎಲ್‌ಸಿಎಂಗೆ ಪೇಟೆಂಟ್ ಪಡೆದರು. ನಮ್ಮಲ್ಲಿ ಧನಬಾದಿನ ಗಣಿ ವಿದ್ಯಾಲಯದ ಸಂಶೋಧಕರು ಹುಣಸೆ ಬೀಜದ ಗೋಂದನ್ನು ಮಡ್‌ನಲ್ಲಿ ಪರೀಕ್ಷಿಸಿದ್ದಾರೆ.

ಕಸದ ಆಯ್ಕೆಯ ಬಗ್ಗೆ ಚುಟುಕಾಗಿ ಹೇಳುವುದಾದರೆ, ಭತ್ತದ ಹೊಟ್ಟಿನಲ್ಲಿ ಸಿಲಿಕಾ ಜಾಸ್ತಿ. ಅದು ಪಂಪಿನ ಭಾಗಗಳನ್ನು ಸವೆಸುತ್ತದೆ. ಕಬ್ಬಿನ ಸಿಪ್ಪೆಯಲ್ಲಿ ಸಕ್ಕರೆ ಉಳಿದಿರುತ್ತದೆ, ಬೇಗ ಹುಳಿಯುತ್ತದೆ. ತೆಂಗಿನ ನಾರಿನ ಪುಡಿ ನೀರು ಕುಡಿದು ಊದಿಕೊಳ್ಳುತ್ತದೆ. ಶೇಂಗಾ ಸಿಪ್ಪೆ ಗಟ್ಟಿ, ಗಿಡಕ್ಕೆ ಗಡಸುತನ ಕೊಡುವ ಲಿಗ್ನಿನ್ ಹೆಚ್ಚು, ಸಕ್ಕರೆ ಕಡಿಮೆ, ಒಂದೇ ಜಾಗದಲ್ಲಿ ರಾಶಿಯಾಗಿ ಸಿಗುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಇದೇ ಸುಲಭ ಎನ್ನುವುದು ನನ್ನ ಅಭಿಪ್ರಾಯ.

ಸಿಪ್ಪೆ ಆರಿಸುವುದು, ತೊಳೆಯುವುದು

ಮುಂಗಾರಿನ ಬೆಳೆ ಮಿಲ್‌ಗೆ ಬಂದ ಹೊಸತರಲ್ಲೇ ಸಿಪ್ಪೆ ಕೊಳ್ಳಿ. ಮಳೆಯಲ್ಲಿ ನೆನೆದು ಕಪ್ಪಾದ ರಾಶಿ ಬೇಡ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅಂಥ ಸಿಪ್ಪೆ ಪುಡಿಯಾಗುವಾಗ ಆ ಧೂಳು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಸುಮ್ನೆ ಅಗ್ಗ ಸಿಕ್ಕಿತೆಂದು ತರಬೇಡಿ. ಸಿಪ್ಪೆ ಹಗುರ, ಲಾರಿ ತುಂಬಿದರೂ ತೂಕ ಬರುವುದಿಲ್ಲ. ಹಾಗಾಗಿ ದೂರ ಸಾಗಿಸುವ ಬದಲು ಮಿಲ್ ಇರುವ ಊರಲ್ಲೇ ಪುಡಿ ಮಾಡಿದರೆ ಬಾಡಿಗೆ ಉಳಿಯುತ್ತದೆ.

ಮೊದಲು ತೂರಿ. ಸಿಪ್ಪೆಯ ನಡುವೆ ಜೊಳ್ಳು ಕಾಳು, ಒಡೆದ ಬೀಜ ಉಳಿದಿದ್ದರೆ ಎಲ್ಲವನ್ನೂ ತೆಗೆಯಬೇಕು. ಅವುಗಳ ಎಣ್ಣೆ ಪುಡಿಯನ್ನು ಗಂಟು ಕಟ್ಟಿಸುತ್ತದೆ, ಬೂಷ್ಟು ಬೇಗ ಬರುವಂತೆಯೂ ಮಾಡುತ್ತದೆ.

ಆಮೇಲೆ ದೊಡ್ಡ ತೊಟ್ಟಿಯಲ್ಲಿ ನೀರಿಗೆ ಹಾಕಿ ಚೆನ್ನಾಗಿ ಕಲಕಿ. ಸಿಪ್ಪೆ ತೇಲುತ್ತದೆ. ಕಾಯಿಗೆ ಅಂಟಿದ್ದ ಕೆಂಪು ಮಣ್ಣು, ಮರಳು, ಸಣ್ಣ ಕಲ್ಲು ತಳಕ್ಕೆ ಇಳಿಯುತ್ತವೆ. ಸಿಪ್ಪೆ ನೀರು ಕುಡಿದು ಭಾರವಾಗುವ ಮೊದಲೇ ಮೇಲಿಂದ ಬಾಚಿ ತೆಗೆಯಿರಿ. ಈ ಕೆಲಸವನ್ನು ಎರಡು ಸಲ ಮಾಡಿ. ಮರಳು ಉಳಿದರೆ ಪಂಪ್ ಹಾಳಾಗುತ್ತದೆ. ಅಷ್ಟೇ ಅಲ್ಲ, ನಿಮ್ಮ ಪರೀಕ್ಷೆಯ ಅಂಕಿಗಳೂ ಸುಳ್ಳಾಗುತ್ತವೆ. ಲ್ಯಾಬ್‌ಗೆ ಬೇಕಾದ ಸಣ್ಣ ಪ್ರಮಾಣವಾದರೆ ಕೊನೆಗೆ ಒಮ್ಮೆ ಬಿಸಿ ನೀರಿನಲ್ಲಿ ನೆನೆಸಿ ಬಸಿಯಿರಿ. ಬಣ್ಣ ಮತ್ತು ಟ್ಯಾನಿನ್ ಒಂದಷ್ಟು ಹೊರಗೆ ಬರುತ್ತದೆ.

ಒಣಗಿಸುವುದು

ಟಾರ್ಪಾಲಿನ್ ಮೇಲೆ ತೆಳ್ಳಗೆ ಹರಡಿ, ದಿನಕ್ಕೆ ಕೆಲವು ಸಲ ತಿರುವಿ. ಓವನ್ ಇದ್ದರೆ 60ರಿಂದ 70 ಡಿಗ್ರಿ ಸಾಕು. ಕೈಯಲ್ಲಿ ಹಿಚುಕಿದಾಗ ಬಾಗದೆ ಚಟಕ್ಕನೆ ಮುರಿಯಬೇಕು. ಆದರೆ ಕೈಯ ಅಂದಾಜನ್ನೇ ನಂಬಬೇಡಿ. 10 ಗ್ರಾಂ ಸಿಪ್ಪೆಯನ್ನು 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಡಿ. 9 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಉಳಿದರೆ ತೇವಾಂಶ ಶೇ. 10ರ ಒಳಗಿದೆ ಎಂದರ್ಥ. ಮುಂದಿನ ಹಂತಕ್ಕೆ ಹೋಗಬಹುದು. ಹಸಿ ಇದ್ದರೆ ಮಿಲ್‌ನ ಜಾಲರಿ ಕಟ್ಟಿಕೊಳ್ಳುತ್ತದೆ, ಚೀಲದಲ್ಲಿ ಪುಡಿ ಬೂಷ್ಟು ಹಿಡಿಯುತ್ತದೆ.

ಪುಡಿ ಮತ್ತು ಜರಡಿ

3 ಮಿ.ಮೀ. ಜಾಲರಿ ಹಾಕಿದ ಹ್ಯಾಮರ್ ಮಿಲ್‌ನಲ್ಲಿ ಮೊದಲ ಸುತ್ತು ಹಾಕಿ. ನುಣ್ಣನೆಯ ಪುಡಿ ಬೇಕಾದರೆ ಅದನ್ನೇ ಪಲ್ವರೈಸರ್‌ಗೆ ಹಾಕಿ. ಊರಿನ ಹಿಟ್ಟಿನ ಗಿರಣಿಯನ್ನು ಇದಕ್ಕೆ ಬಳಸಬೇಡಿ. ಜನ ತಿನ್ನುವ ಹಿಟ್ಟಿಗೆ ಇದು ಸೇರಬಾರದು. ಕೆಲಸ ಮಾಡುವವರು ಎನ್95 ಮಾಸ್ಕ್, ಕನ್ನಡಕ ಹಾಕಿರಲೇಬೇಕು. ಗಾಳಿಯಲ್ಲಿ ತುಂಬಿದ ಒಣ ಧೂಳಿಗೆ ಒಂದು ಕಿಡಿ ಬಿದ್ದರೂ ಸ್ಫೋಟ ಆಗಬಹುದು. ಬೀಡಿ, ವೆಲ್ಡಿಂಗ್ ಹತ್ತಿರ ಸುಳಿಯಬಾರದು.

ಈಗ ಜರಡಿ. ನಾಲ್ಕು ಭಾಗ ಮಾಡಿ. 2 ಮಿ.ಮೀ. ಜರಡಿಯಲ್ಲಿ ಇಳಿದು 850 ಮೈಕ್ರಾನ್ ಮೇಲೆ ನಿಂತಿದ್ದು ದಪ್ಪ ಪುಡಿ. 850 ಮತ್ತು 250 ಮೈಕ್ರಾನ್ ನಡುವಿನದು ಮಧ್ಯಮ. 250 ಮತ್ತು 75ರ ನಡುವಿನದು ಸಣ್ಣದು. 75 ಮೈಕ್ರಾನ್, ಅಂದರೆ 200 ಮೆಶ್ ಜರಡಿಯಿಂದ ಕೆಳಗೆ ಇಳಿದಿದ್ದು ನುಣುಪು. ನಾಲ್ಕನ್ನೂ ಬೇರೆ ಬೇರೆ ಡಬ್ಬದಲ್ಲಿ ಹಾಕಿ, ಪ್ರತಿಯೊಂದರ ತೂಕ ಬರೆಯಿರಿ.

ಯಾಕೆ ಇಷ್ಟು ರಗಳೆ? ನೀರು ಬಸಿಯುವುದನ್ನು ತಡೆಯಲು ನುಣುಪು ಪುಡಿಯೇ ಬೇಕು. ದಪ್ಪನೆಯದನ್ನು ಹಾಕಿದರೆ ವಾಪಸ್ ಬಂದ ಮಡ್ ಸೋಸುವ ಶೇಕರ್ ಜಾಲರಿ ಅದನ್ನು ಹೊರಗೆ ಎಸೆಯುತ್ತದೆ. ಬಿರುಕು ಮುಚ್ಚಲು ಬರೀ ನುಣುಪು ಹಾಕಿದರೆ ಅದೂ ಮಡ್ ಜೊತೆಗೇ ಬಿರುಕಿನೊಳಗೆ ಹರಿದುಹೋಗುತ್ತದೆ. ರಂಧ್ರವನ್ನು ಅಡ್ಡಗಟ್ಟುವ ಕಣದ ಮಧ್ಯಮ ಗಾತ್ರ ರಂಧ್ರದ ಅಗಲದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು ಎಂದು 1977ರಲ್ಲಿ ಏಬ್ರಮ್ಸ್ ಎಂಬ ಸಂಶೋಧಕರು ತೋರಿಸಿದರು. ಇವತ್ತಿಗೂ ಶುರುವಿನ ಲೆಕ್ಕಕ್ಕೆ ಅದೇ ಸೂತ್ರ. ಆದರೆ ಒಂದೇ ಗಾತ್ರದ ಕಣಗಳೂ ಸಾಲವು. ಕಾಂಕ್ರೀಟಿನಲ್ಲಿ ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟು ಕೂರುವ ಹಾಗೆ ಇಲ್ಲೂ ದಪ್ಪ, ಮಧ್ಯಮ, ಸಣ್ಣ ಪುಡಿಗಳು ಒಂದರ ಸಂದಿಯಲ್ಲಿ ಒಂದು ಕೂರಬೇಕು. ಮೊದಲ ಪರೀಕ್ಷೆಗೆ ಮೂರನ್ನೂ ಸಮ ತೂಕದಲ್ಲಿ ಬೆರೆಸಿ, ಆಮೇಲೆ ಬದಲಾಯಿಸುತ್ತಾ ಹೋಗಿ.

ಸಿಪ್ಪೆಯನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಇನ್ನೂ ಚೆನ್ನಾಗಿ ಆಗುತ್ತದೆ ಅಲ್ವಾ ಎಂದು ಕೇಳಬಹುದು. ಕಾಸ್ಟಿಕ್ ಲಿಗ್ನಿನ್‌ನ ಒಂದು ಭಾಗವನ್ನು ಕರಗಿಸಿ ನಾರನ್ನು ಊದಿಸುತ್ತದೆ ನಿಜ. ಆದರೆ ಉಳಿಯುವ ಕಪ್ಪು ನೀರನ್ನು ಶುದ್ಧ ಮಾಡದೆ ಎಲ್ಲೂ ಬಿಡುವಂತಿಲ್ಲ. ಸಣ್ಣ ಘಟಕಕ್ಕೆ ಅದು ಹೊರೆ. ಸಿಪ್ಪೆಯಿಂದ ಸಿಎಂಸಿ (ಸೆಲ್ಯುಲೋಸ್‌ನಿಂದ ಮಾಡುವ, ನೀರು ಬಸಿಯದಂತೆ ತಡೆಯುವ ಅಂಟು) ಮಾಡುವುದಂತೂ ಪೂರ್ತಿ ರಾಸಾಯನಿಕ ಕಾರ್ಖಾನೆಯ ಕೆಲಸ. ಅದಕ್ಕೆ ಬೇಕಾದ ಮಾನೋಕ್ಲೋರೋ ಅಸಿಟಿಕ್ ಆಮ್ಲ ಚರ್ಮದ ಮೇಲೆ ಚೆಲ್ಲಿದರೂ ಜೀವಕ್ಕೆ ಅಪಾಯ. ಬರೀ ಪುಡಿಯಿಂದಲೇ ಶುರು ಮಾಡಿ.

ಲ್ಯಾಬ್ ಮಡ್ ತಯಾರಿ

350 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 22.5 ಗ್ರಾಂ ಬೆಂಟೋನೈಟ್. ಇದು ಎಪಿಐ, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಗೊತ್ತು ಮಾಡಿದ ಅಳತೆ. ವೇಗದ ಮಿಕ್ಸರ್‌ನಲ್ಲಿ 20 ನಿಮಿಷ ಕಲಸಿ, ಮುಚ್ಚಿ 16 ಗಂಟೆ ಬಿಡಿ. ಜೇಡಿ ಪೂರ್ತಿ ನೀರು ಕುಡಿಯಬೇಕು. ಮಾರನೆಯ ದಿನ ಮತ್ತೆ 5 ನಿಮಿಷ ಕಲಸಿ.

350 ಮಿ.ಲೀ. ಯಾಕೆ ಅಂದರೆ ಲೆಕ್ಕ ಸುಲಭ. ಇದರಲ್ಲಿ 1 ಗ್ರಾಂ ಪುಡಿ ಹಾಕಿದರೆ ಸೈಟಿನಲ್ಲಿ ಒಂದು ಬ್ಯಾರೆಲ್‌ಗೆ 1 ಪೌಂಡ್ ಹಾಕಿದಂತೆ. ನಮ್ಮ ಲೆಕ್ಕದಲ್ಲಿ ಒಂದು ಘನ ಮೀಟರ್‌ಗೆ ಸುಮಾರು 2.86 ಕೆ.ಜಿ.

ಪುಡಿ ಹಾಕುವ ಮೊದಲು ಬೆಂಟೋನೈಟ್ ಸರಿಯಿದೆಯೇ ನೋಡಿ. ಎಪಿಐ ಗುಣಮಟ್ಟದ ಬೆಂಟೋನೈಟ್ ಆದರೆ ಈ ಅಳತೆಯಲ್ಲಿ ವಿಸ್ಕೋಮೀಟರ್ (ಮಡ್‌ನ ಮಂದತನ ಅಳೆಯುವ ಸಾಧನ) ನಿಮಿಷಕ್ಕೆ 600 ಸುತ್ತಿನಲ್ಲಿ ಕನಿಷ್ಠ 30 ತೋರಿಸಬೇಕು, ಮುಂದೆ ಹೇಳುವ ಫಿಲ್ಟರ್ ಪ್ರೆಸ್‌ನಲ್ಲಿ ಬಸಿದ ನೀರು 15 ಮಿ.ಲೀ. ದಾಟಬಾರದು. ಕಛ್‌ನಿಂದ ಬರುವ ಬೆಂಟೋನೈಟ್‌ನಲ್ಲೂ ದರ್ಜೆಗಳಿವೆ. ಕಟ್ಟಡದ ಪಾಯದ ಪೈಲಿಂಗ್‌ಗೆಂದು ಮಾರುವುದು ಈ ಮಟ್ಟಕ್ಕೆ ಬಾರದೇ ಇರಬಹುದು.

ಸೈಟಿನ ನೀರಿನಲ್ಲಿ ಇನ್ನೊಂದು ಸಮಸ್ಯೆ. ನಮ್ಮ ಬಯಲುಸೀಮೆಯ ಬೋರ್ ನೀರು ಗಡಸು. ಅದರ ಕ್ಯಾಲ್ಸಿಯಂ ಜೇಡಿಯನ್ನು ಊದಲು ಬಿಡುವುದಿಲ್ಲ. ಜೇಡಿ ಹಾಕುವ ಮೊದಲೇ ನೀರಿಗೆ ಘನ ಮೀಟರ್‌ಗೆ ಅರ್ಧದಿಂದ ಒಂದು ಕೆ.ಜಿ. ಸೋಡಾ ಆ್ಯಶ್ ಬೆರೆಸಿ, ಪಿಎಚ್ 8.5ರಿಂದ 9.5ರ ನಡುವೆ ತನ್ನಿ. ಲ್ಯಾಬ್‌ನಲ್ಲೂ ಒಂದು ಸರಣಿಯನ್ನು ಸೈಟಿನ ನೀರಿನಿಂದಲೇ ಮಾಡಿ.

ನುಣುಪು ಪುಡಿಯ ಪರೀಕ್ಷೆ

ಒಂದು ಲೋಟ ಬರೀ ಮಡ್. ಉಳಿದ ಲೋಟಗಳಿಗೆ 75 ಮೈಕ್ರಾನ್‌ಗಿಂತ ಸಣ್ಣ ಪುಡಿಯನ್ನು 1, 3, 5, 7 ಗ್ರಾಂ ಹಾಕಿ. ಇನ್ನೊಂದು ಸಾಲಿನಲ್ಲಿ ಅಂಗಡಿಯ ಪಿಷ್ಟ ಅಥವಾ ಸಿಎಂಸಿಯನ್ನು ಅಷ್ಟಷ್ಟೇ ಹಾಕಿ. ಈ ಹೋಲಿಕೆ ಇಲ್ಲದ ಪ್ರಾಜೆಕ್ಟ್ ವರದಿಯಿಂದ ಯಾರಿಗೂ ಉಪಯೋಗವಿಲ್ಲ.

ವಿಸ್ಕೋಮೀಟರ್‌ನಲ್ಲಿ 600 ಮತ್ತು 300 ಸುತ್ತಿನ ಅಂಕಿ ಬರೆದುಕೊಳ್ಳಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಪ್ಲಾಸ್ಟಿಕ್ ವಿಸ್ಕಾಸಿಟಿ, ಅಂದರೆ ಹರಿಯುವ ಮಡ್‌ನ ಮಂದತನ. 300ರ ಅಂಕಿಯಿಂದ ಅದನ್ನು ಕಳೆದರೆ ಯೀಲ್ಡ್ ಪಾಯಿಂಟ್, ಅಂದರೆ ನಿಂತ ಮಡ್ ಹರಿಯಲು ಬೇಕಾದ ಬಲದ ಅಳತೆ. 600ರಲ್ಲಿ 32, 300ರಲ್ಲಿ 20 ಬಂತು ಎಂದುಕೊಳ್ಳಿ. ಪ್ಲಾಸ್ಟಿಕ್ ವಿಸ್ಕಾಸಿಟಿ 12, ಯೀಲ್ಡ್ ಪಾಯಿಂಟ್ 8. ಪುಡಿ ಹೆಚ್ಚಾದಂತೆ ಪ್ಲಾಸ್ಟಿಕ್ ವಿಸ್ಕಾಸಿಟಿ ಏರುತ್ತದೆ, ಅಂದರೆ ಪಂಪಿನ ಮೇಲೆ ಹೊರೆ ಏರುತ್ತದೆ.

ಮುಖ್ಯ ಪರೀಕ್ಷೆ ಫಿಲ್ಟರ್ ಪ್ರೆಸ್, ಅಂದರೆ ಮಡ್‌ನ್ನು ಒತ್ತಡದಲ್ಲಿ ಸೋಸುಕಾಗದದ ಮೂಲಕ ಬಸಿಯುವ ಸಾಧನ. 100 ಪಿಎಸ್‌ಐ ಒತ್ತಡ, 30 ನಿಮಿಷ. ಕೆಳಗೆ ಬಿದ್ದ ನೀರನ್ನು ಅಳೆಯಿರಿ, ಕಾಗದದ ಮೇಲಿನ ಕೇಕ್‌ನ ದಪ್ಪವನ್ನೂ ಅಳೆಯಿರಿ. ನೀರು ಕಡಿಮೆಯಾಗಿ ಕೇಕ್ ದಪ್ಪವಾದರೆ ಅದು ಗೆಲುವಲ್ಲ. ತೆಳು, ಗಟ್ಟಿ, ಜಾರುವ ಕೇಕ್ ಬೇಕು. ಬಸಿಯುವ ನೀರು ಸಮಯದ ವರ್ಗಮೂಲದಂತೆ ಏರುತ್ತದೆ. ಹಾಗಾಗಿ ಏಳೂವರೆ ನಿಮಿಷದ ಅಂಕಿಯ ಎರಡು ಪಟ್ಟು 30 ನಿಮಿಷದ ಅಂಕಿಗೆ ಹತ್ತಿರ ಬರಬೇಕು. ತುಂಬಾ ವ್ಯತ್ಯಾಸ ಇದ್ದರೆ ಕಾಗದ ಹರಿದಿದೆಯೇ, ಗ್ಯಾಸ್ಕೆಟ್ ಸೋರುತ್ತಿದೆಯೇ ನೋಡಿ.

ಇಲ್ಲಿ ನಿರೀಕ್ಷೆ ಹದವಾಗಿರಲಿ. ಶೇಂಗಾ ಪುಡಿ ನೀರಿನಲ್ಲಿ ಕರಗುವುದಿಲ್ಲ. ಪಿಷ್ಟ, ಸಿಎಂಸಿ ನೀರಿನಲ್ಲಿ ಹರಡಿ ಅಂಟಾಗಿ ಕೇಕ್‌ನ ಸಂದಿಗಳನ್ನು ಮುಚ್ಚುತ್ತವೆ. ಅಷ್ಟು ಕೆಲಸ ಬರೀ ಕಣಗಳಿಂದ ಆಗುವುದಿಲ್ಲ. ನುಣುಪು ಪುಡಿಯನ್ನು ಅವುಗಳ ಜೊತೆಗಾರನಾಗಿ ನೋಡಿ. ಸಿಎಂಸಿಯ ಪ್ರಮಾಣವನ್ನು ಎಷ್ಟು ಇಳಿಸಬಹುದು ಎಂಬುದೇ ಕೇಳಬೇಕಾದ ಪ್ರಶ್ನೆ.

ಕೊಳೆಯುವ ಪರೀಕ್ಷೆಯನ್ನು ಬಿಡಬೇಡಿ. ಒಂದು ಲೋಟ ಮಡ್ ಮುಚ್ಚಿ ಮೂರು ದಿನ, ಇನ್ನೊಂದನ್ನು ಏಳು ದಿನ ಇಡಿ. ವಾಸನೆ ಬಂದರೆ, ಪಿಎಚ್ ಇಳಿದರೆ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿದೆ ಎಂದು ಅರ್ಥ. ತೈಲಬಾವಿಯ ಬಿಸಿಗೆ ತಯಾರಿ ಮಾಡುವವರು ಏಜಿಂಗ್ ಸೆಲ್ ಎಂಬ ಮುಚ್ಚಿದ ಲೋಹದ ಡಬ್ಬದಲ್ಲಿ 16 ಗಂಟೆ ಬಿಸಿ ಉರುಳಿಸಿ ಮತ್ತೆ ಅಳೆಯಬೇಕು. ಆಳವಿಲ್ಲದ ತೂತುಗಳಿಗೆ ಅದರ ಅಗತ್ಯ ಇಲ್ಲ.

ಬಿರುಕು ಮುಚ್ಚುವ ಮಿಶ್ರಣದ ಪರೀಕ್ಷೆ

ತಳಕ್ಕೆ ದಪ್ಪ ಜಾಲರಿ ಹಾಕಿದ ಪಾರದರ್ಶಕ ಕೊಳವೆ ತೆಗೆದುಕೊಳ್ಳಿ. 15 ಸೆಂ.ಮೀ. ಎತ್ತರಕ್ಕೆ 6 ಮಿ.ಮೀ. ಜಲ್ಲಿ ತುಂಬಿ. ಮೇಲಿಂದ 1 ಲೀಟರ್ ಬರೀ ಮಡ್ ಸುರಿದು ಎಷ್ಟು ಇಳಿಯುತ್ತದೆ ಅಳೆಯಿರಿ. ಹೊಸ ಜಲ್ಲಿ ತುಂಬಿ, ಈಗ ಲೀಟರ್‌ಗೆ 20, 30, 40 ಗ್ರಾಂ ಮಿಶ್ರಣ ಹಾಕಿದ ಮಡ್‌ ಸುರಿಯಿರಿ. ಎಲ್ಲಿ ಹರಿವು ನಿಲ್ಲುತ್ತದೆ, ಪುಡಿ ಜಲ್ಲಿಯೊಳಗೆ ಎಷ್ಟು ಆಳಕ್ಕೆ ಹೋಗಿ ಕೂರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಮೇಲ್ಮೈಯಲ್ಲೇ ಕೂತರೆ ಪುಡಿ ತುಂಬಾ ದಪ್ಪ. ಕೆಳಗಿಂದ ಹೊರಬಂದರೆ ತುಂಬಾ ಸಣ್ಣ.

ಈ ಕೊಳವೆಗೆ ಕಂಪ್ರೆಸರ್ ಗಾಳಿ ಕೊಡಲೇಬೇಡಿ. ಪ್ಲಾಸ್ಟಿಕ್ ಕೊಳವೆ ಸಿಡಿದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಒತ್ತಡದ ಪರೀಕ್ಷೆಗೆ ಉಕ್ಕಿನ ಸೆಲ್ ಇರುವ ಲ್ಯಾಬ್‌ಗೆ ಹೋಗಿ.

ಸೈಟಿನಲ್ಲಿ: ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ನಮ್ಮ ರಾಜ್ಯದ ಬೋರ್‌ವೆಲ್‌ಗಳಲ್ಲಿ ಬಹುಪಾಲು ಗಟ್ಟಿ ಕಲ್ಲಿನವು. ಅವನ್ನು ಕೊರೆಯುವುದು ಗಾಳಿಯ ಸುತ್ತಿಗೆಯಿಂದ. ಅಲ್ಲಿ ಮಡ್‌ ಇಲ್ಲ, ನಿಮ್ಮ ಪುಡಿಗೂ ಕೆಲಸ ಇಲ್ಲ. ಮಡ್ ಬಳಸಿ ಕೊರೆಯುವ ಕುಡಿಯುವ ನೀರಿನ ಬಾವಿಗೂ ಇದನ್ನು ಹಾಕಬೇಡಿ. ನೀರು ಬರುವ ಪದರವನ್ನೇ ಮುಚ್ಚುತ್ತದೆ, ಒಳಗೆ ಕೊಳೆತು ನೀರು ಕೆಡಿಸುತ್ತದೆ. ಇದರಲ್ಲಿ ರಾಜಿ ಬೇಡ.

ಸರಿಯಾದ ಜಾಗಗಳು ಎರಡು. ರಸ್ತೆ ಕೆಳಗೆ ಕೇಬಲ್, ಗ್ಯಾಸ್ ಪೈಪ್ ಹಾಕಲು ಅಡ್ಡಡ್ಡ ಕೊರೆಯುವ ಎಚ್‌ಡಿಡಿ ಕೆಲಸ ಒಂದು. ಹಟ್ಟಿ ಚಿನ್ನದ ಗಣಿ, ಸಂಡೂರಿನ ಕಬ್ಬಿಣದ ಗಣಿಗಳಂಥ ಕಡೆ ಅದಿರು ಹುಡುಕಲು, ಕಲ್ಲಿನ ಉದ್ದನೆಯ ತುಂಡನ್ನೇ (ಕೋರ್) ಹೊರತೆಗೆಯುವ ಕೋರ್ ಡ್ರಿಲ್ಲಿಂಗ್ ಇನ್ನೊಂದು.

ಕೋರ್ ಡ್ರಿಲ್ಲಿಂಗ್‌ನಲ್ಲಿ ತುಂಬಾ ಎಚ್ಚರ ಬೇಕು. ಎನ್‌ಕ್ಯೂ ಎಂದು ಕರೆಯುವ ಗಾತ್ರದ ತೂತು 75.7 ಮಿ.ಮೀ., ರಾಡ್‌ನ ಹೊರ ಅಳತೆ 69.9 ಮಿ.ಮೀ. ಎರಡರ ನಡುವೆ ಒಂದೊಂದು ಬದಿಗೆ ಉಳಿಯುವುದು 2.9 ಮಿ.ಮೀ. ಮಾತ್ರ. ಅಲ್ಲಿಗೆ 2 ಮಿ.ಮೀ. ಪುಡಿ ಹಾಕಿದರೆ ಬಿರುಕಿಗಿಂತ ಮೊದಲು ದಾರಿಯೇ ಮುಚ್ಚುತ್ತದೆ. ಇಲ್ಲಿ ದಪ್ಪ ಪುಡಿ ಬಿಟ್ಟು, 500 ಮೈಕ್ರಾನ್ ಜರಡಿ ದಾಟಿದ್ದನ್ನು ಮಾತ್ರ ಬಳಸಿ. ರಾಡ್ ವೇಗವಾಗಿ ತಿರುಗುವುದರಿಂದ ಮಡ್‌ನ ಗಟ್ಟಿ ಕಣಗಳು ರಾಡ್‌ನ ಒಳಗೋಡೆಗೆ ಅಂಟಿ ಪದರ ಕಟ್ಟುತ್ತವೆ. ಆಮೇಲೆ ಕೋರ್ ತುಂಬಿಕೊಳ್ಳುವ ಒಳಕೊಳವೆಯನ್ನು ಮೇಲೆ ಎಳೆಯಲು ಆಗುವುದಿಲ್ಲ. ಅದಕ್ಕೇ ಕೋರ್ ಡ್ರಿಲ್ಲರ್‌ಗಳು ಮಡ್‌ನಲ್ಲಿ ಪುಡಿ ಕಂಡರೆ ಮುಖ ಸಿಂಡರಿಸುತ್ತಾರೆ. ಅವರ ಮಾತು ಸರಿ. ಸುತ್ತುವ ಮಡ್‌ಗೆ ಪುಡಿ ಬೆರೆಸದೆ, ಲಾಸ್ ಆದಾಗ ಬೇರೆ ಬ್ಯಾರೆಲ್‌ನಲ್ಲಿ ಕಲಸಿದ ‘ಪಿಲ್’ ಆಗಿ ಮಾತ್ರ ಕೊಡಿ. ಪಿಲ್ ಕೊಡುವ ಮೊದಲು ಒಳಕೊಳವೆ ಹೊರಗೆ ತೆಗೆದಿರಬೇಕು. ರಾಡ್ ತಿರುಗಿಸದೆ ಪಿಲ್ಲನ್ನು ನಿಧಾನವಾಗಿ ಇಳಿಸಿ, ಲಾಸ್ ಆದ ಜಾಗಕ್ಕಿಂತ ಮೇಲಕ್ಕೆ ರಾಡ್ ಎತ್ತಿ, ಸ್ವಲ್ಪ ಹೊತ್ತು ಸುಮ್ಮನೆ ಬಿಡಿ. ಆಮೇಲೆ ತೆಳು ಮಡ್ ಹರಿಸಿ ರಾಡ್ ತೊಳೆಯಿರಿ.

ಎಚ್‌ಡಿಡಿಯಲ್ಲಿ ಜಾಗ ಹೆಚ್ಚು, ಆದರೆ ಮಡ್ ಚಿಮ್ಮುವ ತೂತು, ಅಂದರೆ ನಾಜಲ್, ಕಟ್ಟಿಕೊಳ್ಳಬಹುದು. ಅತಿ ದೊಡ್ಡ ಕಣವೂ ನಾಜಲ್ ತೂತಿನ ಮೂರನೇ ಒಂದು ಭಾಗಕ್ಕಿಂತ ಸಣ್ಣದಿರಲಿ.

ಪ್ರಮಾಣದ ಲೆಕ್ಕ ಹೀಗೆ. 1 ಘನ ಮೀಟರ್ ಪಿಲ್‌ಗೆ 30 ಕೆ.ಜಿ. ಪುಡಿ, ಅಂದರೆ ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ಕಾಯಿಯ ಸಿಪ್ಪೆ. ರಿಟರ್ನ್ ಅರ್ಧ ಬಂದರೆ ಅದೇ ಮಿಶ್ರಣವನ್ನು ಮತ್ತೊಮ್ಮೆ ಕೊಡಿ. ಏನೂ ಬಾರದಿದ್ದರೆ ಪ್ರಮಾಣ ಏರಿಸುವ ಬದಲು, ದಾರಿ ಬಿಡುವಷ್ಟರ ಮಟ್ಟಿಗೆ ಕಣದ ಗಾತ್ರ ಏರಿಸಿ. ಅದಕ್ಕೂ ಬಗ್ಗದಿದ್ದರೆ ಬಿರುಕು ದೊಡ್ಡದಿದೆ. ಆಗ ಸಿಮೆಂಟ್ ಹಾಕುವುದೇ ದಾರಿ.

ಪುಡಿ ಚೀಲದ ಒಳಗೆ ಪ್ಲಾಸ್ಟಿಕ್ ಪದರ ಇರಲಿ. ಮೇಲೆ ಜರಡಿಯ ಅಳತೆ, ತೇವಾಂಶ, ಮಾಡಿದ ತಿಂಗಳು ಬರೆಯಿರಿ. ನೆಲದ ಮೇಲಿಡದೆ ಹಲಗೆಯ ಮೇಲಿಡಿ. ಬಳಸಿದ ಮಡ್‌ನ್ನು ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ತಂಗಲು ಬಿಟ್ಟು, ತಿಳಿನೀರನ್ನು ಮತ್ತೆ ಬಳಸಿ. ತಳದ ಗಟ್ಟಿಯನ್ನು ಗಿಡದ ಪುಡಿ ಇದೆಯಲ್ಲ, ಗೊಬ್ಬರ ಆಗುತ್ತದೆ ಎಂದುಕೊಂಡು ಹೊಲಕ್ಕೆ ಹಾಕಬೇಡಿ. ಬೆಂಟೋನೈಟ್ ಮತ್ತು ಸೋಡಾ ಆ್ಯಶ್‌ನ ಸೋಡಿಯಂ ಮಣ್ಣಿನ ರಚನೆ ಕೆಡಿಸುತ್ತದೆ, ಚಿನ್ನದ ಅದಿರಿನ ಕಡೆಯ ಕಲ್ಲುಪುಡಿಯಲ್ಲಿ ಆರ್ಸೆನಿಕ್ ಕೂಡ ಇರಬಹುದು. ಗಣಿ ತ್ಯಾಜ್ಯಕ್ಕೆಂದೇ ಗೊತ್ತು ಮಾಡಿದ ಜಾಗಕ್ಕೆ ಅದನ್ನು ಕಳಿಸಿ.